ಸ್ವೆಟರ್ ಇಲ್ಲದೆ ಮನೆಗೆ ಬಂದ ಚೀಲ

ನಾನು ಒಂದು ಬೆನ್ನುಚೀಲ. ಹಾಸನದ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಶಾಲಾ ಬ್ಯಾಗು ಹೊಲಿಯುವ ಒಂದು ತಗಡಿನ ಶೆಡ್ಡಿನಲ್ಲಿ ಹುಟ್ಟಿದೆ. ಹೊಲಿದವಳ ಹೆಸರು ಫರ್ಜಾನಾ. ಬೆಟ್ಟ ಹತ್ತುವವರಿಗೆ ಬೇಕಾದ ಚೀಲ ಎಂದು ಮಾಲೀಕ ಹೇಳಿದ್ದರಿಂದ ಅವಳು ನನ್ನ ಹೆಗಲ ಪಟ್ಟಿಗಳನ್ನು ಹೊಲಿದ ಮೇಲೆಯೇ ಮತ್ತೆ ಮತ್ತೆ ಹೊಲಿದಳು. ಕೊನೆಗೆ ಪಟ್ಟಿಯನ್ನು ಕಾಲಿನಿಂದ ಮೆಟ್ಟಿ, ಎರಡೂ ಕೈಯಿಂದ ಎಳೆದು ನೋಡಿದಳು. ಹರಿಯಲಿಲ್ಲ. ನನ್ನನ್ನು ಗೋಡೆಗೆ ತೂಗುಹಾಕಿ ಮುಂದಿನ ಬಟ್ಟೆ ಕೈಗೆತ್ತಿಕೊಂಡಳು.

ಚೀಲಕ್ಕೆ ಜನರ ಬೆನ್ನು ಚೆನ್ನಾಗಿ ಗೊತ್ತಿರುತ್ತದೆ. ಮುಖ ಕಾಣುವುದು ಕೆಳಗಿಳಿಸಿದಾಗ ಮಾತ್ರ, ಅದೂ ಕೆಳಗಿನಿಂದ. ನಾನು ಮೊದಲು ಕಂಡ ಬೆನ್ನು ಉಮಾಪತಿಯದು. ಅವನು ನಮ್ಮ ಬಡಾವಣೆಯಲ್ಲಿ ಹಿಟ್ಟಿನ ಗಿರಣಿ ಇಟ್ಟುಕೊಂಡಿದ್ದ. ವಾರವೆಲ್ಲ ರಾಗಿ, ಗೋಧಿ, ಮೆಣಸಿನಪುಡಿ. ಭಾನುವಾರ ಬೆಟ್ಟ. ಅವನಂಥವರೇ ಕೆಲವರು ಸೇರಿ ಒಂದು ಬಳಗ ಮಾಡಿಕೊಂಡಿದ್ದರು. ಬ್ಯಾಂಕಿನವರೊಬ್ಬರು, ಔಷಧಿ ಅಂಗಡಿಯವರೊಬ್ಬರು, ಇಬ್ಬರು ಮೇಷ್ಟ್ರು, ಒಬ್ಬರು ಮೇಡಂ. ಹೊಸಬರು ಬಂದರೆ ಚೀಲದಲ್ಲಿ ಏನೇನು ಇಡಬೇಕು, ಯಾಕೆ ಇಡಬೇಕು ಎಂದು ಹೇಳಿಕೊಡುವುದು ಉಮಾಪತಿಯ ಕೆಲಸ.

ಅವನು ನನ್ನನ್ನು ತುಂಬುವ ರೀತಿ ಒಂದೇ. ತೂಕದ್ದು ಬೆನ್ನಿಗೆ ಹತ್ತಿರ, ಹಗುರದ್ದು ಹೊರಗೆ. ನೀರಿನ ಬಾಟಲಿ ಕೈಗೆ ಸಿಗುವ ಕಡೆ, ಯಾಕೆಂದರೆ ಬಾಯಾರಿದವನು ಚೀಲ ಬಿಚ್ಚುವಷ್ಟು ಹೊತ್ತು ಕಾಯುವುದಿಲ್ಲ. ಬೆಂಕಿಪೊಟ್ಟಣಕ್ಕೆ ಎರಡು ಪ್ಲಾಸ್ಟಿಕ್ ಕವರು, ಯಾಕೆಂದರೆ ಒಂದು ಹರಿಯುತ್ತದೆ. ಜಿಗಣೆಗೆ ಉಪ್ಪು, ಸುಸ್ತಿಗೆ ಬೆಲ್ಲ, ದಾರಿ ತಪ್ಪಿದರೆ ಊದಲು ಸೀಟಿ. ಬೆಚ್ಚಗಿನ ಬಟ್ಟೆ ಎಲ್ಲಕ್ಕಿಂತ ಮೇಲೆ, ಯಾಕೆಂದರೆ ಅದು ಬೇಕಾಗುವ ಹೊತ್ತಿಗೆ ಕೈ ಮರಗಟ್ಟಿರುತ್ತದೆ. ಇದನ್ನೆಲ್ಲ ಅವನು ಹೊಸಬರಿಗೆ ಹೇಳುವಾಗ ನನ್ನನ್ನೇ ಬಿಚ್ಚಿ ತೋರಿಸುತ್ತಿದ್ದ. ನನಗೂ ಬಾಯಿಪಾಠವಾಯಿತು.

ಬಳಗಕ್ಕೆ ಇನ್ನೊಂದು ಪದ್ಧತಿ ಇತ್ತು. ಅದಕ್ಕೆ ಅವರು ಹೊರೆ ಇಳಿಸುವುದು ಎನ್ನುತ್ತಿದ್ದರು. ಕೊನೆಯ ಏರು ಬರುವ ಮೊದಲು ಎಲ್ಲರೂ ನಿಲ್ಲುತ್ತಾರೆ. ಅವತ್ತು ಹಿಂದೆ ಬಿದ್ದವರು ಯಾರೋ ಅವರ ಚೀಲ ಬಿಚ್ಚಿ, ಒಳಗಿರುವುದನ್ನು ಗಟ್ಟಿಯಾಗಿರುವವರು ಹಂಚಿಕೊಳ್ಳುತ್ತಾರೆ. ಹೊರೆ ಇಳಿದವರು ಕೈ ಬೀಸಿಕೊಂಡು ತುದಿ ಮುಟ್ಟಬೇಕು. ನಮ್ಮ ಬಳಗದಲ್ಲಿ ಯಾರೂ ಅರ್ಧಕ್ಕೆ ತಿರುಗಿ ಹೋದವರಿಲ್ಲ ಎಂದು ಅವರಿಗೆ ಹೆಮ್ಮೆ. ಅದು ನಿಜವೂ ಆಗಿತ್ತು.

ಉಮಾಪತಿ ದೊಡ್ಡ ಚೀಲ ಕೊಂಡಾಗ ನನ್ನನ್ನು ತೇಜಸ್ವಿನಿಗೆ ಕೊಟ್ಟ. ಅವಳು ಕಾಲೇಜಿನ ಕೊನೆಯ ವರ್ಷದ ಹುಡುಗಿ, ಬಳಗಕ್ಕೆ ಹೊಸಬಳು. ತಂದೆ ರಾಜಶೇಖರ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ತಾಯಿ ಪಂಕಜಾ. ಆ ಮನೆಗೆ ಹೋದ ಮೇಲೆ ನನ್ನನ್ನು ತುಂಬುವ ಕೈ ಬದಲಾಯಿತು. ಹೊರುವವಳು ಮಗಳು, ತುಂಬುವವಳು ತಾಯಿ. ಪಂಕಜಾ ಒಂದು ಕಡೆ ಒಗ್ಗರಣೆ ಹಾಕುತ್ತಾ ಇನ್ನೊಂದು ಕಡೆ ನನ್ನೊಳಗೆ ಒಂದೊಂದೇ ಇಡುತ್ತಿದ್ದಳು. ಹಾಲು ಉಕ್ಕಿದರೆ ಓಡುವಳು, ಮತ್ತೆ ಬರುವಳು. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳದೆ ಸ್ವೆಟರ್ ಮುಟ್ಟುತ್ತಿರಲಿಲ್ಲ. ಆ ಸ್ವೆಟರ್ ಬೂದು ಬಣ್ಣದ್ದು. ಚಳಿಗಾಲದಲ್ಲಿ ಟಿಬೆಟಿನವರು ಊರಿಗೆ ಬಂದು ಹಾಕುವ ಅಂಗಡಿಯಲ್ಲಿ ಕೊಂಡದ್ದು.

ಆ ಭಾನುವಾರ ಮಳೆಗಾಲ ಮುಗಿಯುತ್ತಾ ಬಂದಿತ್ತು. ಹಿಂದಿನ ವಾರ ತೇಜಸ್ವಿನಿಗೆ ಜ್ವರ ಬಂದು ಹೋಗಿತ್ತು. ಹೋಗಬೇಡ ಎಂದು ತಾಯಿ ಹೇಳಿದಳು. ಹೋಗುತ್ತೇನೆ ಎಂದು ಮಗಳು ಹೇಳಿದಳು. ಕೊನೆಗೆ ಪಂಕಜಾ ಸ್ವೆಟರ್ ಮಡಚಿ ಎಲ್ಲಕ್ಕಿಂತ ಮೇಲೆ ಇಟ್ಟು, ಗಾಳಿ ಬೀಸಿದ ತಕ್ಷಣ ಹಾಕಿಕೋ ಎಂದಳು. ಆಗಲೇ ಹಾಲಿನವನು ಕೂಗಿದ. ಅವಳು ಪಾತ್ರೆ ಹಿಡಿದು ಹೊರಗೆ ಹೋದಳು. ಮಗಳು ನನ್ನನ್ನು ಬೆನ್ನಿಗೇರಿಸಿದಳು.

ಬೆಟ್ಟದಲ್ಲಿ ತುಂತುರು ಇತ್ತು. ಮೇಡಂ ಅವತ್ತು ಬಂದಿರಲಿಲ್ಲ. ಹೆಣ್ಣು ಎಂದು ಇದ್ದವಳು ತೇಜಸ್ವಿನಿ ಒಬ್ಬಳೇ. ಜ್ವರ ಬಿಟ್ಟ ಮೈ ಅವಳನ್ನು ಹಿಂದಕ್ಕೆ ಎಳೆಯುತ್ತಿತ್ತು, ನನಗೆ ಅದು ಬೆನ್ನಿನಲ್ಲಿ ತಿಳಿಯುತ್ತಿತ್ತು. ಕೊನೆಯ ಏರಿನ ಮೊದಲು ಎಲ್ಲರೂ ನಿಂತರು. ನನ್ನ ಬಾಯಿ ಬಿಚ್ಚಿದರು. ಬಾಟಲಿಯನ್ನು ಬ್ಯಾಂಕಿನವರು ತೆಗೆದುಕೊಂಡರು, ಊಟದ ಡಬ್ಬಿಯನ್ನು ಒಬ್ಬ ಮೇಷ್ಟ್ರು, ಟಾರ್ಚು ಮತ್ತು ಸೀಟಿ ಇದ್ದ ಸಣ್ಣ ಪೌಚನ್ನು ಔಷಧಿ ಅಂಗಡಿಯವರು. ಸ್ವೆಟರಿಗೆ ಉಮಾಪತಿ ಕೈ ಹಾಕಿದ.

"ಅದೊಂದು ಬೇಡ ಅಂಕಲ್, ಅಮ್ಮ ಬೈತಾರೆ" ಎಂದಳು.

"ನಿಮ್ಮಮ್ಮಂಗೆ ಹೇಳೋರ್ಯಾರು, ಈ ಬ್ಯಾಗಾ? ಮೇಲೆ ಹೋದ ತಕ್ಷಣ ಕೊಡ್ತೀನಿ. ಮದುವೆ ಹೆಣ್ಣಿನ ಥರ ಆರಾಮಾಗಿ ಬಾ."

ಎಲ್ಲರೂ ನಕ್ಕರು. ಅವಳೂ ನಕ್ಕಳು. ಬರಿಯ ಚೀಲ ಬೆನ್ನಿಗಿದ್ದರೆ ಗಾಳಿ ತಡೆಯುತ್ತದೆ ಎಂದು ನನ್ನನ್ನು ಮಾತ್ರ ಬಿಟ್ಟುಕೊಡಲಿಲ್ಲ.

ಏರಿನ ನಡುವೆ ಅವಳು ನಿಂತಳು. ಯಾಕೆ ಎಂದು ಗಂಡಸರ ಮುಂದೆ ಹೇಳುವಂತಿರಲಿಲ್ಲ. ನೀವು ನಡೆಯಿರಿ, ಬರುತ್ತೇನೆ ಎಂದಳು. ಅವರಿಗೆ ಅರ್ಥವಾಯಿತು. ಹೆಂಗಸರು ಹೀಗೆ ಹಿಂದೆ ನಿಂತರೆ ತಿರುಗಿ ನೋಡಬಾರದು, ಕೂಗಿ ಕರೆಯಲೂಬಾರದು ಎನ್ನುವುದು ಆ ಬಳಗದ ಮರ್ಯಾದೆ. ಮರ್ಯಾದಸ್ಥರು ಅವರು. ತಿರುಗಿ ನೋಡದೆ ನಡೆದರು. ಅವಳು ಬಂಡೆಯ ಹಿಂದಿನಿಂದ ಬರುವಷ್ಟರಲ್ಲಿ ಮಂಜು ಇಳಿದಿತ್ತು. ದಾರಿ ಎಂದುಕೊಂಡು ಅವಳು ಹಿಡಿದದ್ದು ದನ ಇಳಿಯುವ ಜಾಡು. ಅವಳು ಕೂಗಿದಳು. ಗಾಳಿ ಅವರ ಕಡೆಯಿಂದ ನಮ್ಮ ಕಡೆಗೆ ಬೀಸುತ್ತಿತ್ತು. ನನ್ನೊಳಗೆ ಏನೂ ಇರಲಿಲ್ಲ. ಅವಳು ಮಾತ್ರ ಬಿಚ್ಚಿ ಬಿಚ್ಚಿ ನೋಡಿದಳು. ಕತ್ತಲಾದ ಮೇಲೆ ಎರಡೂ ಕಾಲುಗಳನ್ನು ನನ್ನೊಳಗೆ ಇಟ್ಟು, ಬಾಯಿಯ ದಾರವನ್ನು ಮೊಣಕಾಲಿನವರೆಗೆ ಎಳೆದುಕೊಂಡಳು. ಮೊದಲು ಕಾಲುಗಳು ನಡುಗುತ್ತಿದ್ದವು. ಆಮೇಲೆ ನಡುಗಲಿಲ್ಲ.

ಬೆಳಗ್ಗೆ ಅರಣ್ಯ ಇಲಾಖೆಯ ವಾಚರ್ ಮತ್ತು ಬಳಗದವರು ನಮ್ಮನ್ನು ಕಂಡರು. ಅವರೂ ಇಡೀ ರಾತ್ರಿ ಹುಡುಕಿದ್ದರು. ಗಂಟಲು ಒಡೆದು ಯಾರಿಗೂ ಮಾತು ಬರುತ್ತಿರಲಿಲ್ಲ.

ಅವಳನ್ನು ಕೆಳಗೆ ತಂದ ಮೇಲೆ ಅವರು ಒಂದು ಕೆಲಸ ಮಾಡಿದರು. ಯೋಚಿಸಿ ಮಾಡಿದ್ದಲ್ಲ. ಅವರವರ ಚೀಲದಲ್ಲಿದ್ದ ಅವಳ ಸಾಮಾನನ್ನು ತೆಗೆದು ನನ್ನೊಳಗೆ ಇಟ್ಟರು. ಬಾಟಲಿ, ಡಬ್ಬಿ, ಟಾರ್ಚು. ಬೆಟ್ಟ ಇಳಿದ ಮೇಲೆ ಅವರವರದು ಅವರಿಗೆ ಕೊಡುವುದು ರೂಢಿ, ಕೈ ತಾನಾಗಿ ಅದನ್ನು ಮಾಡಿತು. ಸ್ವೆಟರ್ ಮಾತ್ರ ಉಮಾಪತಿಯ ಚೀಲದ ತಳದಲ್ಲಿ, ಹಗ್ಗದ ಕೆಳಗೆ ಸೇರಿಹೋಗಿತ್ತು. ಅವನು ಅದನ್ನು ಕಂಡದ್ದು ಮನೆಗೆ ಹೋದ ಮೇಲೆ.

ಹೀಗೆ ನಾನು ತುಂಬಿದ ಚೀಲವಾಗಿ ಮನೆಗೆ ಬಂದೆ. ಕೆಲವು ದಿನಗಳಾದ ಮೇಲೆ ಪಂಕಜಾ ನನ್ನನ್ನು ಅಡುಗೆಮನೆಯ ನೆಲದ ಮೇಲೆ ಬಿಚ್ಚಿದಳು. ಚಿತ್ರಾನ್ನ ಹಳಸಿತ್ತು, ಮುಟ್ಟಿರಲಿಲ್ಲ. ನೀರು ತುಂಬಿತ್ತು. ಟಾರ್ಚು ಒತ್ತಿದರೆ ಹತ್ತಿತು. ಚಳಿ ಏರಿದ ಮೇಲೆ ಬುದ್ಧಿ ಓಡುವುದಿಲ್ಲ, ಕೈಯಲ್ಲಿದ್ದದ್ದೂ ಮರೆತುಹೋಗುತ್ತದೆ ಎಂದು ಡಾಕ್ಟರು ಹೇಳಿದ್ದರು. ಹಾಗಾಗಿ ಅದು ಯಾವುದೂ ಅವಳಿಗೆ ವಿಚಿತ್ರವೆನಿಸಲಿಲ್ಲ. ನನ್ನೊಳಗೆ ಕೈ ಹಾಕಿ ತಳದವರೆಗೆ ತಡವಿದಳು. ಆಮೇಲೆ ತಲೆಕೆಳಗು ಮಾಡಿ ಕೊಡವಿದಳು.

ಬೀರು ಹುಡುಕಿದಳು, ಹಾಸಿಗೆಯ ರಾಶಿ ಹುಡುಕಿದಳು. ಇಟ್ಟ ನೆನಪು ಅವಳಿಗೆ ಇತ್ತು. ಆದರೆ ಎಷ್ಟೋ ಭಾನುವಾರ ಇಟ್ಟಿದ್ದಳು. ಈ ನೆನಪು ಯಾವ ಭಾನುವಾರದ್ದು ಎಂದು ಯಾರು ಹೇಳಬೇಕು? ಅವತ್ತು ಹಾಲಿನವನು ಕೂಗಿದ್ದ. ಮಡಚಿ ಎಲ್ಲೋ ಪಕ್ಕಕ್ಕಿಟ್ಟು ಎದ್ದು ಹೋದೆನೋ ಏನೋ ಎಂದುಕೊಂಡಳು. ಸ್ವೆಟರ್ ಮನೆಯಲ್ಲೂ ಸಿಗಲಿಲ್ಲವಲ್ಲ ಎಂದು ರಾಜಶೇಖರ ಹೇಳಿದ. ಸಾವಿಗೆ ಬಂದುಹೋದ ಅಷ್ಟು ಜನರಲ್ಲಿ ಯಾವ ಬಟ್ಟೆ ಯಾವ ಮೂಟೆಗೆ ಹೋಯಿತೋ ಎಂದಳು. ಅವಳ ನಾದಿನಿ ಸರ್ವಮಂಗಳಾ ತಿಥಿಯ ದಿನ ಎಲ್ಲರ ಮುಂದೆ, ಜ್ವರ ಬಿಟ್ಟ ಮಗು ಅಂತ ಗೊತ್ತಿದ್ದೂ ಒಂದು ಸ್ವೆಟರ್ ಹಾಕಬಾರದಿತ್ತಾ ಅತ್ತಿಗೆ ಎಂದಳು. ಪಂಕಜಾ ಬಡಿಸುತ್ತಿದ್ದ ಪಲ್ಯವನ್ನು ಪೂರ್ತಿ ಬಡಿಸಿ ಒಳಗೆ ಹೋದಳು.

ನನಗೆ ಗೊತ್ತಿತ್ತು. ನನಗೆ ಬಾಯಿ ಇದೆ, ಆದರೆ ಅದು ಬಿಚ್ಚಿ ಮುಚ್ಚುವುದಕ್ಕಷ್ಟೇ.

ಚಳಿಗಾಲ ಬಂತು. ಪಂಕಜಾ ಶಾಲು ಹೊದೆಯುವುದನ್ನು ಬಿಟ್ಟಳು. ತಣ್ಣೀರು ಸ್ನಾನ ಮಾಡುತ್ತಿದ್ದಳು, ಚಾಪೆಯ ಮೇಲೆ ಹಾಗೇ ಮಲಗುತ್ತಿದ್ದಳು. ರಾಜಶೇಖರ ಹೊದಿಸಿದ ಕಂಬಳಿ ಬೆಳಗ್ಗೆ ಮಡಚಿ ಪಕ್ಕದಲ್ಲಿರುತ್ತಿತ್ತು. ಅವಳು ಅಳುತ್ತಿರಲಿಲ್ಲ. ಮನೆಗೆಲಸ ಒಂದೂ ನಿಲ್ಲಲಿಲ್ಲ. ಇನ್ನೊಂದು ಚಳಿಗಾಲವೂ ಹಾಗೇ ಬಂತು. ಅವಳಿಗೆ ಕೆಮ್ಮು ಹಿಡಿಯಿತು, ಬಿಡಲಿಲ್ಲ. ಎದೆಯಲ್ಲಿ ಕಫ ಕಟ್ಟಿದೆ, ಹೀಗೇ ಬಿಟ್ಟರೆ ಉಳಿಯುವುದು ಕಷ್ಟ ಎಂದು ಡಾಕ್ಟರು ರಾಜಶೇಖರನನ್ನು ಹೊರಗೆ ಕರೆದು ಹೇಳಿದರು. ಅವನು ಅದನ್ನು ಅವಳಿಗೂ ಹೇಳಿದ. ಆಗಲಿ ಎಂದಳು. ಏನು ಆಗಲಿ ಎಂದು ಅವನು ಕೇಳಲಿಲ್ಲ.

ಅಲ್ಲಿಯವರೆಗೆ ರಾಗಿಯನ್ನು ಗಿರಣಿಗೆ ಒಯ್ಯುತ್ತಿದ್ದದ್ದು ರಾಜಶೇಖರ, ಸ್ಕೂಟರಿನಲ್ಲಿ, ತಗಡಿನ ಡಬ್ಬದಲ್ಲಿ. ಆ ಡಬ್ಬದ ತಳ ತುಕ್ಕು ಹಿಡಿದು ತೂತಾಯಿತು. ಅವನಿಗೆ ಡ್ಯೂಟಿ ಇತ್ತು. ಮನೆಯಲ್ಲಿ ಹಿಟ್ಟಿರಲಿಲ್ಲ. ಪಂಕಜಾ ಮೊಳೆಯಿಂದ ನನ್ನನ್ನು ಇಳಿಸಿ, ಒಳಗೆ ಹಳೆಯ ಪಂಚೆ ಹಾಸಿ, ರಾಗಿ ಸುರಿದಳು. ಬೆನ್ನಿಗೇರಿಸಿಕೊಂಡು ನಡೆದಳು. ಅವಳ ಬೆನ್ನು ನನಗೆ ಹೊಸದು. ರವಿಕೆಯ ಮೇಲೆ ಸೆರಗು, ಅಷ್ಟೇ. ಕೆಮ್ಮಿದಾಗ ರಾಗಿ ಅಲುಗುತ್ತಿತ್ತು.

ಗಿರಣಿಯಲ್ಲಿ ಬೇರೆ ಯಾರೂ ಇರಲಿಲ್ಲ. ಉಮಾಪತಿ ಮೊದಲು ನನ್ನನ್ನು ನೋಡಿದ, ಆಮೇಲೆ ಅವಳನ್ನು. ಕೈ ಚಾಚಿ ನನ್ನನ್ನು ಇಳಿಸಿಕೊಂಡು, ರಾಗಿಯನ್ನು ಗಿರಣಿಯ ಬಾಣಲೆಯಂಥ ಬಾಯಿಗೆ ಸುರಿದು, ಮೆಷಿನ್ ಹಾಕಿದ. ಅವಳು ಗೋಡೆಗೆ ಒರಗಿ ನಿಂತಳು. ಅವಳ ತುಟಿ ನೀಲಿಯಾಗಿತ್ತು. ಅವನು ಬೀಳುತ್ತಿದ್ದ ಹಿಟ್ಟಿನಿಂದ ತಲೆಯೆತ್ತಿ ಮಾತಾಡಿದ.

"ಅಕ್ಕ, ಈ ಚಳೀಲಿ ಹಿಂಗ್ ಬಂದಿದೀರಲ್ಲ. ಒಂದ್ ಶಾಲಾದ್ರೂ ಹೊದ್ಕೊಂಡ್ ಬರ್ಬಾರ್ದಾ?"

"ಮಗೂಗೆ ಒಂದ್ ಸ್ವೆಟರ್ ಇಟ್ಟು ಕಳಿಸೋಕಾಗ್ಲಿಲ್ಲ ನನ್ ಕೈಲಿ. ನಂಗ್ಯಾಕೆ ಶಾಲು?"

"ಇಡ್ಲಿಲ್ಲ ಅಂತ ಯಾರ್ ಹೇಳಿದ್ದು?"

"ಯಾರ್ ಹೇಳ್ಬೇಕು? ಬ್ಯಾಗಲ್ಲಿ ಎಲ್ಲಾ ಇತ್ತು. ಅದೊಂದೇ ಇರ್ಲಿಲ್ಲ."

ಉಮಾಪತಿ ಮೆಷಿನ್ ಆರಿಸಿದ. ಬೆಲ್ಟು ನಿಧಾನವಾಗಿ ಸುತ್ತಿ ನಿಂತಿತು. ಅವನು ಇಷ್ಟು ದಿನ ತನ್ನ ಮೇಲೆ ಬರುವ ಮಾತಿಗೆ ಹೆದರಿ ಸುಮ್ಮನಿದ್ದ. ಆ ಸುಮ್ಮನಿರುವಿಕೆ ಇನ್ನೊಬ್ಬರ ಮೇಲೆ ಹೋಗಿ ಕೂತಿದೆ ಎಂದು ಅವನಿಗೆ ಗೊತ್ತಿರಲಿಲ್ಲ. ಗಿರಣಿಯ ಹಿಂದೆಯೇ ಅವನ ಮನೆ. ಒಳಗೆ ಹೋಗಿ ಒಂದು ಕವರು ತಂದು ಅವಳ ಕೈಗೆ ಕೊಟ್ಟ. ಕವರಿನ ಮೇಲೆ ಅವನ ಬೆರಳಿನ ಹಿಟ್ಟು ಹತ್ತಿತು.

ಪಂಕಜಾ ಸ್ವೆಟರನ್ನು ಹೊರತೆಗೆದು ನೋಡಿದಳು. ಅವನು ಎಲ್ಲವನ್ನೂ ಹೇಳಿದ. ಹೊರೆ ಇಳಿಸಿದ್ದು, ಯಾರು ಯಾರು ಏನು ತೆಗೆದುಕೊಂಡರು, ತಿರುಗಿ ನೋಡದೆ ನಡೆದದ್ದು, ಕೆಳಗೆ ಬಂದ ಮೇಲೆ ಎಲ್ಲ ಚೀಲಕ್ಕೆ ತುಂಬಿದ್ದು. ಒಂದನ್ನೂ ಬಿಡಲಿಲ್ಲ.

"ಅವ್ಳೇ ಕೊಟ್ಲಾ?" ಎಂದು ಅವಳು ಕೇಳಿದಳು.

"ಇಲ್ಲಕ್ಕ. ಬೇಡ, ಅಮ್ಮ ಬೈತಾರೆ ಅಂದ್ಲು. ನಾವು ನಕ್ಬಿಟ್ವಿ."

ಅವಳು ಸ್ವೆಟರಿನ ತೋಳನ್ನು ಒಳಗಿನಿಂದ ಹೊರಗೆ ಎಳೆದು ಸರಿಮಾಡಿದಳು. ಕಾಲರ್ ಸರಿಮಾಡಿದಳು.

"ಹಾಗಾದ್ರೆ ನಾನು ಇಟ್ಟಿದ್ದೆ."

"ಇಟ್ಟಿದ್ರಿ ಅಕ್ಕ. ಎಲ್ಲಕ್ಕಿಂತ ಮೇಲೇ ಇತ್ತು."

ಅವನು ಯಾವುದಕ್ಕೋ ಕಾಯುತ್ತಾ ನಿಂತ. ಬೈಗುಳಕ್ಕೋ, ಏಟಿಗೋ. ಅವಳು ಬೈಯಲಿಲ್ಲ, ಪರವಾಗಿಲ್ಲ ಎಂದೂ ಹೇಳಲಿಲ್ಲ. ಹಿಟ್ಟು ಬೀಸಿಕೊಡಿ, ಮನೆಯಲ್ಲಿ ಒಲೆ ಹಚ್ಚಬೇಕು ಎಂದಳು. ಅವನು ಮತ್ತೆ ಮೆಷಿನ್ ಹಾಕಿದ. ಅವಳು ಅಲ್ಲೇ, ಆ ಸದ್ದಿನಲ್ಲಿ, ಸ್ವೆಟರ್ ತೊಟ್ಟುಕೊಂಡಳು. ತೋಳು ಮಣಿಕಟ್ಟಿನವರೆಗೆ ಬರಲಿಲ್ಲ. ಗುಂಡಿಗಳು ಕೂಡಲಿಲ್ಲ. ಬಿಸಿ ಹಿಟ್ಟನ್ನು ನನ್ನೊಳಗೆ ತುಂಬಿದರು.

ಆ ರಾತ್ರಿ ಅವಳು ಗಂಡನಿಗೆ ಹೇಳಿದಳು. ಅವನು ತಟ್ಟೆಯ ಮುಂದಿನಿಂದ ಎದ್ದು ಹಿತ್ತಲಿಗೆ ಹೋದ. ಪಂಕಜಾ ನಾದಿನಿಗೆ ಏನೂ ಹೇಳಲಿಲ್ಲ. ಔಷಧಿ ತಂದರೆ ಕುಡಿದಳು, ಕಂಬಳಿ ಹೊದಿಸಿದರೆ ತೆಗೆಯಲಿಲ್ಲ. ಚಳಿಗಾಲ ಕಳೆಯುವ ಹೊತ್ತಿಗೆ ಕೆಮ್ಮು ನಿಂತಿತು. ಬೇರೆ ಏನೂ ಬದಲಾಗಲಿಲ್ಲ. ಬಳಗ ಈಗಲೂ ಬೆಟ್ಟಕ್ಕೆ ಹೋಗುತ್ತದಂತೆ. ಹೊರೆ ಇಳಿಸುವುದನ್ನು ಬಿಟ್ಟಿದ್ದಾರಂತೆ. ಉಮಾಪತಿ ಹೋಗುವುದಿಲ್ಲ.

ನನಗೆ ವಯಸ್ಸಾಗಿದೆ. ಜಿಪ್ಪು ಹೋಗಿದೆ, ತಳಕ್ಕೆ ಬೇರೆ ಬಟ್ಟೆ ಕೊಟ್ಟು ಹೊಲಿದಿದ್ದಾರೆ. ಅಡುಗೆಮನೆಯ ಮೂಲೆಯಲ್ಲಿ, ರಾಗಿ ಮೂಟೆಯ ಪಕ್ಕ ನನ್ನ ಜಾಗ. ಅಲ್ಲಿಂದ ಪಂಕಜಾ ಕೆಲಸ ಮಾಡುವುದನ್ನು ನೋಡುತ್ತೇನೆ. ಯಾವ ವಸ್ತುವನ್ನು ಎಲ್ಲಿ ಇಡಬೇಕು ಎಂದು ಅವಳಿಗೆ ಚೆನ್ನಾಗಿ ಗೊತ್ತು. ಆದರೆ ಅವತ್ತು ಬೆಟ್ಟದಲ್ಲಿ ಇದ್ದವರಲ್ಲಿ ಕೆಟ್ಟವರು ಯಾರೂ ಇರಲಿಲ್ಲ. ಆ ಒಂದು ಸಂಗತಿಯನ್ನು ಎಲ್ಲಿ ಇಡಬೇಕೆಂದು ಅವಳಿಗೆ ಇನ್ನೂ ತಿಳಿದಿಲ್ಲ. ನನಗೂ ತಿಳಿದಿಲ್ಲ.

ಹತ್ತಿರದಲ್ಲಿ ಇನ್ನೊಂದು ಗಿರಣಿ ಆಗಿದೆ. ಅವಳು ಉಮಾಪತಿಯ ಗಿರಣಿಗೇ ಹೋಗುತ್ತಾಳೆ. ಇಬ್ಬರೂ ಮಾತಾಡುವುದು ಹಿಟ್ಟು ನುಣ್ಣಗಿರಬೇಕೋ ತರಿಯಾಗಿರಬೇಕೋ ಎಂದಷ್ಟೇ. ಹೆಂಗಸರು ಬೀಸಿಸಿದ ಹಿಟ್ಟನ್ನು ರಸ್ತೆಯವರೆಗೆ ಹೊತ್ತುಕೊಡುವುದು ಅವನಿಗೆ ಮೊದಲಿನಿಂದಲೂ ರೂಢಿ. ಅವಳ ಚೀಲವನ್ನು ಮಾತ್ರ ಅವನು ಹೊರುವುದಿಲ್ಲ. ಅವಳು ಬೆನ್ನು ತಿರುಗಿಸಿ ನಿಲ್ಲುತ್ತಾಳೆ. ಅವನು ಬಗ್ಗಿ ನನ್ನ ತಳಕ್ಕೆ ಎರಡೂ ಕೈ ಕೊಡುತ್ತಾನೆ. ಅವಳು ಒಂದು ಪಟ್ಟಿಯನ್ನು, ಆಮೇಲೆ ಇನ್ನೊಂದನ್ನು ಹೆಗಲಿಗೆ ಏರಿಸಿಕೊಂಡು, ಹೂಂ ಎನ್ನುತ್ತಾಳೆ. ಆಗ ಅವನು ಕೈ ಬಿಡುತ್ತಾನೆ.