ಸಿಸ್ಟರ್ ತೊಳೆಯದೆ ಬಿಟ್ಟ ಸಾಲು

ಅತ್ತೆ ನಡೆಯುವಾಗ ಅವರ ಕೈಗಳು ಕೆಳಗೆ ಜೋಲುತ್ತಿರಲಿಲ್ಲ. ಮೊಣಕೈ ಮಡಿಸಿ, ಅಂಗೈಗಳನ್ನು ಎದೆಯ ಮಟ್ಟಕ್ಕೆ ಎತ್ತಿ, ಯಾವುದಕ್ಕೂ ತಗುಲದಂತೆ ಮುಂದೆ ಹಿಡಿದುಕೊಂಡೇ ಅಡುಗೆಮನೆಯಿಂದ ಹಜಾರಕ್ಕೆ, ಹಜಾರದಿಂದ ತಾರಸಿಯ ಮೆಟ್ಟಿಲಿಗೆ ಸದ್ದಿಲ್ಲದೆ ಸಾಗುತ್ತಿದ್ದರು. ಉದ್ಯೋಗದ ಅಷ್ಟೂ ಕಾಲವನ್ನು ಆಪರೇಷನ್ ಥಿಯೇಟರಿನಲ್ಲಿ ಕಳೆದ ನರ್ಸು ಅವರು. ಕೈ ತೊಳೆದ ಮೇಲೆ ಏನನ್ನೂ ಮುಟ್ಟಬಾರದೆಂಬ ನಿಯಮ ನಿವೃತ್ತಿಯ ನಂತರವೂ ಮೊಣಕೈಯಲ್ಲಿ ಉಳಿದುಬಿಟ್ಟಿತ್ತು. ಬಾಗಿಲನ್ನು ಭುಜದಿಂದ ತಳ್ಳುವರು, ದೀಪದ ಸ್ವಿಚ್ಚನ್ನು ಮೊಣಕೈಯಿಂದ ಒತ್ತುವರು. "ನಮ್ಮನೆ ಗೋಡೆ ಮೇಲೆ ಕೈಗುರುತು ಕಂಡ್ರೆ ತನಿಖೆನೇ ಬೇಡ, ಕಳ್ಳ ನಾನೇ," ಎನ್ನುತ್ತಿದ್ದರು ಮಾವ.

ಅವರ ಹಳೆಯ ಹಸಿರು ಗೌನು ಈಗ ತೋಟದ ಅಂಗಿ. ನಾಲ್ಕು ಮನೆಗಳ ಆ ಕಟ್ಟಡದ ತಾರಸಿಯಲ್ಲಿ ಅವರ ಕುಂಡಗಳು ಎರಡು ಸಾಲಾಗಿ ಎದುರುಬದುರು ನಿಂತಿದ್ದವು. ಬೆಳಗಾಗುತ್ತಲೇ ಗೌನು ಬಿಗಿದುಕೊಂಡು ಪ್ರತಿ ಎಲೆಯ ಬೆನ್ನನ್ನೂ ತಿರುವಿ ನೋಡಿ, "ಹ್ಞೂಂ, ಮುಂದಿನೋರು," ಎಂದು ಪಕ್ಕದ ಗಿಡಕ್ಕೆ ಸರಿಯುವರು. ಮೆಟ್ಟಿಲ ಮೇಲೆ ಕುಳಿತ ಮಾವ, "ಮದುವೆಯಾದ ಮೇಲೆ ನನ್ನ ಮುಖಾನೂ ಇಷ್ಟು ಹತ್ತಿರದಿಂದ ನೋಡಿಲ್ಲ ಕಣೋ ಇವಳು," ಎಂದು ನನ್ನ ಬಳಿ ದೂರುವರು. "ನಿಮ್ಮ ಮೇಲೆ ಹುಳ ಹತ್ತಲಿ, ನೋಡ್ತೀನಿ," ಎಂಬ ಉತ್ತರ ಗಿಡದ ಮರೆಯಿಂದ ಬರುವುದು.

ಅಂಗಡಿಯ ಕೀಟನಾಶಕ ಆ ತಾರಸಿಗೆ ಹತ್ತಿದ್ದಿಲ್ಲ. ಬೆಳ್ಳುಳ್ಳಿ ಮತ್ತು ಒಣಮೆಣಸಿನಕಾಯಿ ಅರೆದು ಸೋಸಿದ ನೀರು, ಬಾರ್ ಸೋಪು ತುರಿದು ಕರಗಿಸಿದ ನೀರು, ಇರುವೆಗೆ ಸೌದೆಯ ಬೂದಿ. ಇವುಗಳಲ್ಲಿ ಅವರಿಗೆ ನಂಬಿಕೆ ಇತ್ತು, ಭಕ್ತಿ ಇರಲಿಲ್ಲ. ಮನೆಯಲ್ಲಿ ಮಾಡಿದ್ದೆಂದ ಮಾತ್ರಕ್ಕೆ ಅದು ಸಾಧು ಎಂದು ಒಪ್ಪುವವರಲ್ಲ. ಯಾವ ಕಷಾಯವನ್ನಾದರೂ ಮೊದಲು ಒಂದೇ ಎಲೆಗೆ ಹಚ್ಚಿ, ಆ ತೊಟ್ಟಿಗೆ ಗಾಯ ಹೊಲಿಯುವವರ ಗಂಟಿನಲ್ಲಿ ದಾರ ಕಟ್ಟಿ, ಮರುದಿನ ಎಲೆ ಸುಡದೆ ಉಳಿದಿದ್ದರೆ ಮಾತ್ರ ಉಳಿದವಕ್ಕೆ ಸಿಂಪಡಿಸುವರು.

ಆ ವರ್ಷ ಹಿಟ್ಟುತಿಗಣೆ ಬಂತು. ಮೈತುಂಬ ಬಿಳಿ ಮೇಣದ ಪುಡಿ ಬಳಿದುಕೊಂಡು ಎಲೆಯ ಕಂಕುಳಲ್ಲಿ ಕೂತು ರಸ ಹೀರುವ ಸೋಮಾರಿ ಕೀಟ ಅದು. ಕೆಳಮನೆಯವರು ಕಟ್ಟಡದ ಸಂಘದ ಕಾರ್ಯದರ್ಶಿ. ಅವರ ಬಾಲ್ಕನಿಯ ದಾಸವಾಳಕ್ಕೂ ಅದು ಇಳಿಯಿತು. ಔಷಧಿ ಹೊಡೆಯುವವರನ್ನು ಕರೆಸುತ್ತೇನೆ, ಇಲ್ಲವೇ ಕುಂಡ ತೆಗೆಸಿ ಎಂದು ಅವರು ಪಟ್ಟು ಹಿಡಿದಾಗ ಅತ್ತೆ ಸಭೆಯಲ್ಲೇ ಮಾತು ಕೊಟ್ಟರು: "ಭಾನುವಾರ ಬಂದು ನೋಡಿ. ಒಂದು ಬಿಳಿ ಚುಕ್ಕೆ ಕಂಡ್ರೂ ಕುಂಡ ನಾನೇ ಇಳಿಸ್ತೀನಿ."

"ಹುಳಗಳನ್ನ ಒಂದು ಮಾತು ಕೇಳಿ ಹೇಳಿದ್ಯಾ?" ಎಂದರು ಮಾವ.

ಭಾನುವಾರ ನಾನು ತಾರಸಿಗೆ ಹೋದಾಗ ಅತ್ತೆ ಎಡಗಡೆಯ ಸಾಲನ್ನು ತೊಳೆದು ಮುಗಿಸಿದ್ದರು. ವಾರವಿಡೀ ಸೋಪಿನ ನೀರು ಹಾಕಿದ್ದರೂ ಬಿಳುಪು ಕಡಿಮೆಯಾಗುವ ಬದಲು ಹೆಚ್ಚಿದಂತೆ ಕಂಡು, ಅಂದು ಮಾತ್ರ ಸೋಪಿನ ನೀರನ್ನು ಗಟ್ಟಿಯಾಗಿ ಮಾಡಿಕೊಂಡು ಕಾಂಡ ಕಾಂಡವನ್ನೂ ಬ್ರಷ್ಷಿನಿಂದ ಉಜ್ಜಿದ್ದರು. ಆ ಸಾಲಿನ ತುದಿಯಲ್ಲೇ ನಿಂಬೆಗಿಡ. ನಿವೃತ್ತಿಯ ದಿನ ಥಿಯೇಟರಿನವರು ಕೊಟ್ಟದ್ದು. ಬಲಗಡೆಯ ಬದನೆಗೆ ಸಿಂಪಡಿಸಲು ಪಂಪು ಎತ್ತಿದವರು ಹಾಗೇ ನಿಂತರು.

"ಬಾ ಇಲ್ಲಿ. ಇದು ಓಡ್ತಾ ಇದೆ."

ಬಿಳಿ ಮೇಣದ ಎಳೆಗಳನ್ನು ಹೊದ್ದ ಹುಳವೊಂದು ಕಾಂಡದ ಮೇಲೆ ಸರಸರನೆ ಹರಿಯುತ್ತಿತ್ತು.

"ತಿಗಣೆ ಹೀಗೆ ಓಡಲ್ಲ," ಎಂದು ಭೂತಗನ್ನಡಿ ಕೊಟ್ಟರು. ನೋಡಿದೆ. ಹುಳ ಒಂದು ತಿಗಣೆಯ ಮೇಲೆ ಬಾಯಿ ಇಟ್ಟಿತ್ತು, ತಿಗಣೆ ಬರಿದಾಗುತ್ತಿತ್ತು. ತಿಗಣೆಯನ್ನು ತಿಂದು ಬೆಳೆಯುವ ಪುಟ್ಟ ದುಂಬಿಯ ಮರಿ ಅದು ಎಂದು ಪುಸ್ತಕದಲ್ಲಿ ಓದಿದ್ದ ನೆನಪಿನಿಂದ ಹೇಳಿದೆ. ವೇಷ ಮಾತ್ರ ತಿಗಣೆಯದೇ. ಹೆಚ್ಚಿದ್ದ ಬಿಳುಪಿನಲ್ಲಿ ಅರ್ಧ ಇವುಗಳದಾಗಿತ್ತು.

ಅತ್ತೆ ಎಡಗಡೆಯ ಸಾಲನ್ನು ನೋಡಿದರು, ಆಮೇಲೆ ಮೋರಿಯ ಬಾಯಲ್ಲಿ ನೊರೆಯೊಂದಿಗೆ ನಿಂತಿದ್ದ ಬಿಳಿ ಕಣಗಳನ್ನು ನೋಡಿದರು. ಅವರ ಕೈಗಳು ನಿಧಾನವಾಗಿ ಇಳಿದು ಪಕ್ಕಕ್ಕೆ ಜೋತವು. ಅವು ಹಾಗೆ ಜೋತದ್ದನ್ನು ನಾನು ಕಂಡದ್ದು ಅದೇ ಮೊದಲು.

ಕೆಳಗೆ ಮೆಟ್ಟಿಲಲ್ಲಿ ಚಪ್ಪಲಿಯ ಸದ್ದಾಯಿತು. ಪಂಪಿನಲ್ಲಿ ನೀರು ತುಂಬಿತ್ತು.

"ಬೇಗ ಹೊಡೆದುಬಿಡೋಣ ಅತ್ತೆ. ಅವರು ನೋಡಿ ಹೋಗ್ಲಿ, ಆಮೇಲೆ ಯೋಚನೆ ಮಾಡೋಣ."

"ಹೊಟ್ಟೆ ತೆರೆದ ಮೇಲೆ ಹೊರಗೆ ಯಾರು ಕಾಯ್ತಿದಾರೆ ಅಂತ ಅವಸರಕ್ಕೆ ಹೊಲಿಯೋಕಾಗುತ್ತಾ?" ಎಂದು ಪಂಪನ್ನು ನೆಲಕ್ಕಿಟ್ಟರು.

ಕಾರ್ಯದರ್ಶಿ ಬಂದು ಎಡಕ್ಕೆ ತಲೆದೂಗಿದರು, ಬಲಕ್ಕೆ ಹುಬ್ಬೇರಿಸಿದರು. "ಈ ಕಡೆ ಕನ್ನಡಿ ಥರ ಇದೆ. ಆ ಕಡೆ ಏನು ಸಿಸ್ಟರ್, ಹಿಟ್ಟಿನ ಗಿರಣಿ ಇಟ್ಟಿದೀರಾ?"

ಅತ್ತೆ ಭೂತಗನ್ನಡಿ ಕೊಟ್ಟರು. ಅವರು ಬಹಳ ಹೊತ್ತು ನೋಡಿ, "ಇದೂ ಹುಳನೇ ಅಲ್ವಾ?" ಎಂದರು.

"ಹುಳನೇ."

"ನೀವು ಕೊಟ್ಟ ಮಾತು?"

"ಪೂರ್ತಿ ಉಳಿಸ್ಕೊಳ್ಳೋಕಾಗಲ್ಲ. ಒಂದು ಸಾಲು ಇವತ್ತೇ ತೆಗೀತೀನಿ. ಇನ್ನೊಂದನ್ನ ಸ್ವಲ್ಪ ದಿನ ಬಿಡಿ." ಅವರು ಯಾರಲ್ಲೂ ಏನನ್ನೂ ಕೇಳಿದವರಲ್ಲ.

"ಸರಿ, ಆ ಗಿರಣಿ ಸಾಲು ತೆಗೀರಿ."

"ಅದಲ್ಲ, ಈ ತೊಳೆದದ್ದು."

"ಚೆನ್ನಾಗಿರೋದನ್ನ ಕಿತ್ತು ಕೆಟ್ಟದ್ದನ್ನ ಇಟ್ಕೋತೀರಾ?"

"ಇದರ ಸಂದಿಯಲ್ಲಿ ಮೊಟ್ಟೆ ಇರುತ್ತೆ, ಸೋಪು ಅಲ್ಲಿಗೆ ಇಳಿಯಲ್ಲ. ಅವು ಒಡೆದಾಗ ತಿನ್ನೋಕೆ ಇಲ್ಲಿ ಯಾರೂ ಉಳಿದಿಲ್ಲ. ನಾನೇ ತೊಳೆದುಹಾಕಿದೀನಿ."

ಕಾರ್ಯದರ್ಶಿ ಕೆಟ್ಟವರಲ್ಲ. ನಿಂಬೆಯ ಕಡೆ ನೋಡಿ ಮೆತ್ತಗೆ, "ಹಾಗಾದ್ರೆ ಅದನ್ನ ನಂಗೆ ಕೊಡಿ, ಬಾಲ್ಕನಿಯಲ್ಲಿ ಇಟ್ಕೋತೀನಿ," ಎಂದರು.

"ಕೊಟ್ರೆ ನಾಳೆ ನಿಮ್ಮ ದಾಸವಾಳಕ್ಕೆ ಬರುತ್ತೆ."

ಅವರ ಮುಂದೆಯೇ ಅತ್ತೆ ನಿಂಬೆಯನ್ನು ಬುಡಕ್ಕೆ ಕತ್ತರಿಸಿದರು, ಕೊಂಬೆಗಳನ್ನು ಮಡಿಸಿ ಚೀಲಕ್ಕೆ ತುಂಬಿದರು, ಚೀಲದ ಬಾಯಿಗೆ ಗಾಯ ಹೊಲಿಯುವ ಅದೇ ಗಂಟು ಹಾಕಿದರು. "ಹ್ಞೂಂ, ಮುಂದಿನೋರು," ಎಂದಾಗ ದನಿ ಎಂದಿನದಾಗಿರಲಿಲ್ಲ. ಸಾಲು ಮುಗಿಯುವವರೆಗೆ ಮಾವ ಒಂದೂ ತಮಾಷೆ ಮಾಡಲಿಲ್ಲ. ಚೀಲಗಳನ್ನು ಒಂದೊಂದಾಗಿ ಕೆಳಗೆ ಹೊತ್ತರು. ಕಾರ್ಯದರ್ಶಿ ಇಳಿದುಹೋದರು. ಔಷಧಿಯವರು ಬರಲಿಲ್ಲ.

ಆಮೇಲಿನ ವಾರಗಳಲ್ಲಿ ಅತ್ತೆ ಬಲಗಡೆಯ ಸಾಲಿನ ಮುಂದೆ ಸ್ಟೂಲು ಹಾಕಿಕೊಂಡು, ಎರಡೂ ಕೈಗಳನ್ನು ಕಂಕುಳಲ್ಲಿ ಬಿಗಿಯಾಗಿ ಸಿಕ್ಕಿಸಿಕೊಂಡು ಕೂರುತ್ತಿದ್ದರು. ಬಿಳುಪು ಇನ್ನಷ್ಟು ಹಬ್ಬಿತು, ಬದನೆಯ ಎಲೆಗಳು ಮುದುಡಿದವು, ನನಗೇ ನನ್ನ ಪುಸ್ತಕದ ಜ್ಞಾನದಲ್ಲಿ ಸಂಶಯ ಹುಟ್ಟಿತು. ಅವರು ಪಂಪು ಮುಟ್ಟಲಿಲ್ಲ. ಒಂದು ಸಂಜೆ ಕಾರ್ಯದರ್ಶಿ ಬೆಂಕಿಪೊಟ್ಟಣ ಹಿಡಿದು ಮೇಲೆ ಬಂದರು. ಒಳಗೆ ಕಂದುತಲೆಯ ಪುಟ್ಟ ಕಪ್ಪು ದುಂಬಿ.

"ನಮ್ಮ ದಾಸವಾಳದ ಮೇಲಿತ್ತು. ನಿಮ್ಮದಾ ಸಿಸ್ಟರ್?"

ಅತ್ತೆ ಬದನೆಯ ಎಲೆಯೊಂದನ್ನು ತಿರುವಿ ನೋಡಿದರು. ಬೆನ್ನು ಬರೀ ಹಸಿರಾಗಿತ್ತು. "ನಮ್ಮದೇ. ಎಲ್ಲಿತ್ತೋ ಅಲ್ಲೇ ಬಿಟ್ಬಿಡಿ, ಕೆಲಸದ ಮೇಲೆ ಬಂದಿದೆ," ಎಂದರು.

ಶುಚಿಯನ್ನೇ ಧರ್ಮ ಮಾಡಿಕೊಂಡವರನ್ನು ನಾವು ಸುಲಭವಾಗಿ ಗೇಲಿ ಮಾಡುತ್ತೇವೆ. ಅವರ ಕೈ ಸದಾ ಏನನ್ನೋ ಉಜ್ಜುತ್ತಿರುತ್ತದೆ, ಅದಕ್ಕೆ ಬೇರೇನೂ ಬಾರದು ಎಂದುಕೊಳ್ಳುತ್ತೇವೆ. ಅಂಥವರಲ್ಲಿ ಕೆಲವರು, ತಮ್ಮ ಕೈಯೇ ತಪ್ಪಿತೆಂದು ತಿಳಿದ ದಿನ, ಅದಕ್ಕೆ ಅತಿ ಕಷ್ಟದ ಕೆಲಸವನ್ನು ಒಪ್ಪಿಸುತ್ತಾರೆ: ಎಲ್ಲರ ಕಣ್ಣೆದುರು ಕೊಳಕಾಗಿ ಕಾಣುವುದನ್ನು ಮುಟ್ಟದೆ ಕಾಯುವ ಕೆಲಸ. ಹಾಗೆ ಕೂತವರನ್ನು ಕಂಡಾಗ ಸೋಮಾರಿಗಳೆಂದು ದಾಟಿಹೋಗುವ ಮೊದಲು, ಅವರು ಕೈಗಳನ್ನು ಎಲ್ಲಿ ಇಟ್ಟುಕೊಂಡಿದ್ದಾರೆಂದು ನಾನೀಗ ನೋಡುತ್ತೇನೆ.