ಹಸಿ ಬೆಸುಗೆ

ಇನ್‌ಸ್ಪೆಕ್ಟರ್ ಬಂದು, ಚಾವಣಿ ಸುತ್ತಿ, ಅಲ್ಲಿ ಇಲ್ಲಿ ಕೆದಕಿ ನೋಡಿ, ಕಾಗದಕ್ಕೆ ಸಹಿ ಹಾಕಿ ಹೋಗಿಯೂ ಆಗಿತ್ತು. ಚೂಟಿ ಅಲ್ಲಿಗೆ ಕೈತೊಳೆದುಕೊಂಡು ಇಳಿದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಸುಮ್ಮನಿರುವ ಕೈಯೇ ಅವಳದು? ಕೊಕ್ಕೆ ಕಡ್ಡಿ ಹಿಡಿದು, ಯಾರೂ ನೋಡದ ಹಿಂದಿನ ಮೂಲೆಯಲ್ಲಿ ಹಾಳೆಗಳು ಕೂಡುವ ಜೋಡನ್ನು ಇನ್ನೊಮ್ಮೆ ಎಳೆದು ನೋಡುತ್ತಾ ಹೊರಟಳು.

ಅದು ನೋಟ್‌ಬುಕ್ ಗೋದಾಮಿನ ಚಾವಣಿ. ಮಟ್ಟಸ, ನೀರು ಹರಿಯುವಷ್ಟು ಮಾತ್ರ ಇಳಿಜಾರು. ಇಂಥದಕ್ಕೆ ಬಿಳಿ ಪ್ಲಾಸ್ಟಿಕ್ ಹಾಳೆ ಹಾಸಿ, ಒಂದರ ಅಂಚಿನ ಮೇಲೆ ಇನ್ನೊಂದರ ಅಂಚಿಟ್ಟು, ನಡುವೆ ಬಿಸಿಗಾಳಿ ಊದಿ ಕರಗಿಸಿ ಒತ್ತುತ್ತಾರೆ. ಕಾವು ಸರಿಯಿದ್ದರೆ ಎರಡು ಹಾಳೆ ಒಂದಾಗುತ್ತವೆ. ಆ ಮೆಷಿನ್ ಓಡಿಸುವವಳು ಚೂಟಿ. ಮೇಸ್ತ್ರಿ ಅವಳ ಸೋದರಮಾವ; ಅರ್ಧ ಆಯುಷ್ಯ ಡಾಂಬರು ಕಾಯಿಸಿಯೇ ಕಳೆದವನಾದ್ದರಿಂದ ಕೆಲಸದವರಿಗೆಲ್ಲ ಡಾಂಬರು ಮಾವ. ಮಂಡಿ ಕೈಕೊಟ್ಟಿತ್ತು, ಇದೇ ಕೊನೆಯ ಚಾವಣಿ ಎಂದಿದ್ದ. ತನ್ನ ಜಾಗಕ್ಕೆ ಯಾರೆಂದು ಇಂದು ಕಂಟ್ರಾಕ್ಟರಿಗೆ ಫೋನ್ ಮಾಡಿ ಹೇಳಬೇಕಿತ್ತು. ಹೆಂಗಸು ಮೇಸ್ತ್ರಿಯೇ ಎಂದು ಕಂಟ್ರಾಕ್ಟರ್ ಮೊದಲೇ ಮೂಗು ಮುರಿದಿದ್ದ. ಅವಳ ಬೆಸುಗೆಯಲ್ಲಿ ಒಂದೇ ಒಂದು ತಪ್ಪು ತೋರಿಸಿ ನೋಡೋಣ ಎಂದು ಮಾವ ಎದೆ ತಟ್ಟಿ ಹೇಳಿ ಬಂದಿದ್ದ.

ಮೂಲೆಯಲ್ಲಿ ಕೊಕ್ಕೆ ಸಲೀಸಾಗಿ ಎರಡು ಹಾಳೆಗಳ ನಡುವೆ ಹೋಯಿತು. ಎರಡು ಹೆಜ್ಜೆ ಮುಂದೆ ಚುಚ್ಚಿದಳು, ಅಲ್ಲೂ ಹೋಯಿತು. ಒಟ್ಟು ಇಪ್ಪತ್ತು ಹೆಜ್ಜೆ ಬೆಸುಗೆ ಬರೀ ಹಸಿ, ಹಾಳೆ ಕರಗಿ ಕೂಡಿರಲೇ ಇಲ್ಲ, ಮೇಲೆ ನೋಡಲು ಮಾತ್ರ ಚೆಂದ.

ಕಾರಣ ಹುಡುಕಲು ಅವಳು ತಲೆ ಕೆರೆದುಕೊಳ್ಳಬೇಕಾಗಲಿಲ್ಲ. ನಿನ್ನೆ ಮಧ್ಯಾಹ್ನ ಮಾವ ಚಹಾಕ್ಕೆಂದು ಕರೆಂಟ್ ಕೆಟಲನ್ನು ಮೆಷಿನ್ನಿನ ವೈರಿಗೇ ಸಿಕ್ಕಿಸಿದ್ದ. ಕರೆಂಟು ಹಂಚಿಹೋಗಿ ಗಾಳಿಯ ಕಾವು ಇಳಿದಿರಬೇಕು. ಕಾವು ನೋಡಿಕೊಳ್ಳಬೇಕಾದವಳು ಮಾವನ ಹಳೇ ಜೋಕಿಗೆ ಹೊಟ್ಟೆ ಹಿಡಿದು ನಗುತ್ತಾ ಮೆಷಿನ್ ತಳ್ಳುತ್ತಿದ್ದಳು.

ಮೊದಲ ಮಳೆಗೆ ಇದು ಬಿಡಲಿಕ್ಕಿಲ್ಲ. ಎರಡನೆಯದಕ್ಕೋ ಮೂರನೆಯದಕ್ಕೋ ಬಿಟ್ಟಾಗ ತಪ್ಪು ಹೊರಲು ಸಹಿ ಹಾಕಿದವನಿದ್ದಾನಲ್ಲ! ಬಾಯಿ ಬಿಟ್ಟರೆ ಮೇಸ್ತ್ರಿಗಿರಿ ಗೋವಿಂದ. ಚೂಟಿಗೆ ನಿಜಕ್ಕೂ ಭಯವಾಯಿತು, ಅಳುವೂ ಬಂತು. ಎಂಟು ವರ್ಷ ಈ ಕೆಲಸಕ್ಕಾಗಿ ಬಿಸಿಲಲ್ಲಿ ಬೆಂದಿದ್ದಳು. ಆದರೆ ಕೆಳಗೆ ಆಳೆತ್ತರ ಪೇರಿಸಿಟ್ಟ ನೋಟ್‌ಬುಕ್ಕಿನ ಕಟ್ಟುಗಳನ್ನು ಬೆಳಿಗ್ಗೆಯಷ್ಟೇ ಕಣ್ಣಾರೆ ಕಂಡಿದ್ದಳು. ಮೂಗು ಒರೆಸಿಕೊಂಡು ಇಳಿದಳು.

ಮಾವ ನಲ್ಲಿಯ ಕೆಳಗೆ ಕಾಲು ತೊಳೆಯುತ್ತಿದ್ದ.

"ಮಾವ, ಹಿಂದಿನ ಮೂಲೇಲಿ ಇಪ್ಪತ್ತು ಹೆಜ್ಜೆ ಹಸಿ ಇದೆ. ತಪ್ಪು ನಂದು, ಕಾವು ನೋಡ್ಲಿಲ್ಲ."

ಮಾವ ನಲ್ಲಿ ನಿಲ್ಲಿಸಿದ. ಮಂಡಿ ಹಿಡಿದುಕೊಂಡೇ ಮೇಲೆ ಹತ್ತಿ, ಕೊಕ್ಕೆ ತೂರಿಸಿ ನೋಡಿದ. ಮುಖ ಸಣ್ಣದಾಯಿತು. ಕೆಟಲಿನ ಮಾತನ್ನು ಚೂಟಿ ಎತ್ತಲಿಲ್ಲ. ಅವನೇ ಎತ್ತಿದ, ಹಾಳಾದ ಚಹಾದ ಚಟ, ನನ್ನ ನಾಲಿಗೆಗಿಷ್ಟು ಬೆಂಕಿ ಹಾಕ ಎಂದು ತನ್ನನ್ನೇ ಬೈದುಕೊಂಡ.

ಆಮೇಲೆ ಇಬ್ಬರೂ ಕೂತು ಜೋಡನ್ನು ಒರೆಸಿ ಒಣಗಿಸಿದರು. ಅದರ ಮೇಲೆ ಅದೇ ಹಾಳೆಯ, ಅಂಗೈಗಿಂತ ಅಗಲದ ಪಟ್ಟಿಯಿಟ್ಟು ಚೂಟಿ ಎರಡೂ ಅಂಚು ಬೆಸೆದಳು. ಈ ಸಲ ಕಣ್ಣು ಕಾವಿನ ಅಂಕಿಯ ಮೇಲೇ ಇತ್ತು. ತಣ್ಣಗಾದ ಮೇಲೆ ಆ ಬೆಸುಗೆಯಿಂದ ಎರಡು ಬೆರಳಗಲ ತುಂಡು ಕತ್ತರಿಸಿ, ಒಂದು ತುದಿ ಅವಳು, ಒಂದು ತುದಿ ಮಾವ ಹಿಡಿದು ಜಗ್ಗಿದರು. ಹಾಳೆ ಹರಿಯಬೇಕು, ಬೆಸುಗೆ ಬಿಡಬಾರದು; ಪರೀಕ್ಷೆ ಅಂದರೆ ಅದೇ. ಹಾಳೆ ಪರ್ರನೆ ಹರಿಯಿತು. ಬೆಸುಗೆ ಜಪ್ಪಯ್ಯ ಅನ್ನಲಿಲ್ಲ. ಕತ್ತರಿಸಿದ ಜಾಗಕ್ಕೂ ತೇಪೆ ಹಾಕಿ ಮುಗಿಸಿದರು.

ಮಾವ ಗೋಡೆಗೊರಗಿ ಕುಳಿತ. "ಒಂದ್ಸಲ ನಾನೂ ಇಂಥದ್ದೇ ಕಂಡಿದ್ದೆ ಕಣೇ. ಸಹಿ ಆಗಿತ್ತು, ಸುಮ್ನೆ ಇಳಿದು ಬಂದೆ. ಇವತ್ತಿಗೂ ಆ ಕಟ್ಟಡದ ಬೀದೀಲಿ ಹೋಗಲ್ಲ, ಸುತ್ತು ಹಾಕ್ಕೊಂಡು ಹೋಗ್ತೀನಿ."

ಹೇಳಿ ಕಂಟ್ರಾಕ್ಟರಿಗೆ ಫೋನ್ ಹಚ್ಚಿದ. ಹಸಿ ಬೆಸುಗೆ, ಕೆಟಲು, ಪಟ್ಟಿ, ಒಂದನ್ನೂ ಮುಚ್ಚಿಡಲಿಲ್ಲ. ಆ ಕಡೆಯಿಂದ ಕೂಗಾಟ ಕೇಳಿಸಿತು. ಪಾಸಾದ ಚಾವಣಿಯಲ್ಲಿ ತಪ್ಪಿದೆ ಎಂದು ಹೇಳಿದವರು ಯಾರು ಎಂದು ಕಂಟ್ರಾಕ್ಟರ್ ಕೇಳುತ್ತಿದ್ದ.

"ಮೇಸ್ತ್ರಿ ಹೇಳಿದ್ಲು, ಸಾರ್."

ಮೇಸ್ತ್ರಿ ನೀನಲ್ಲವೇನಯ್ಯಾ ಎಂದ ಕಂಟ್ರಾಕ್ಟರ್.

"ನಾನಾಗಿದ್ದಿದ್ರೆ ನಿಮಗೆ ಈ ಫೋನ್ ಬರ್ತಿರ್ಲಿಲ್ಲ."

ಆಚೆ ಕೂಗಾಟ ನಿಂತಿತು. ಚೂಟಿ ಮಾವನ ಮುಖವನ್ನೇ ನೋಡುತ್ತಿದ್ದಳು. ಕೊನೆಗೆ ಕಂಟ್ರಾಕ್ಟರ್ ಕೇಳಿದ, ನಾಳೆ ಆಸ್ಪತ್ರೆಯ ಚಾವಣಿ ಅಳೆಯುವುದಕ್ಕೆ ಆಕೆ ಎಷ್ಟು ಹೊತ್ತಿಗೆ ಬರುತ್ತಾರೆ ಎಂದು. ಮಾವ ಫೋನನ್ನು ಚೂಟಿಯ ಕೈಗಿಟ್ಟ.