ತಡವಾಗಿ ಬರುವ ಹೂಂ

ಗಿರಿಜಮ್ಮನ ಕಥೆಗೆ ಒಬ್ಬರು ಹೂಂಗುಟ್ಟಲೇಬೇಕು. ಹೊಸದುರ್ಗದ ಕಡೆಯ ಅವರ ಊರಿನಲ್ಲಿ ಅದೇ ರೂಢಿ. ಹೇಳುವವರು ಒಂದು ಮಾತು ಮುಗಿಸಿದಾಗ ಕೇಳುವವರಲ್ಲಿ ಒಬ್ಬರು ‘ಹೂಂ’ ಅನ್ನಬೇಕು. ಹೂಂ ನಿಂತಿತೋ, ಎದುರಿನವರಿಗೆ ನಿದ್ದೆ ಬಂತೆಂದು ತಿಳಿದು ಕಥೆಯನ್ನು ಅಲ್ಲಿಗೇ ಮಡಚಿಡುತ್ತಿದ್ದರು. ಗಿರಿಜಮ್ಮನಿಗೆ ಚಿಕ್ಕಂದಿನಿಂದ ಹೂಂಗುಟ್ಟುತ್ತ ಬಂದವನು ಮಗ ಗೋಪಾಲಕೃಷ್ಣ. ಬ್ಯಾಂಕಿನ ಆಫೀಸರಾಗಿ, ಮುಂದಲೆ ಬೋಳಾಗಿ, ವಿಶಾಖಪಟ್ಟಣಕ್ಕೆ ವರ್ಗವಾಗಿ ಸಂಸಾರದ ಜತೆ ಮಧುರವಾಡದ ಫ್ಲ್ಯಾಟಿಗೆ ಬಂದಮೇಲೂ ಊಟವಾದ ಕೂಡಲೇ ಅಮ್ಮನ ಮಂಚದ ಪಕ್ಕ ಕೂತು ಹೂಂ ಅನ್ನುವುದನ್ನು ಬಿಟ್ಟಿರಲಿಲ್ಲ.

ಕೂತಲ್ಲಿ ಕೈ ಮಾತ್ರ ಸುಮ್ಮನಿರುತ್ತಿರಲಿಲ್ಲ. ಮಡಿಲಲ್ಲಿ ಒಂದು ಹಳೇ ರೇಡಿಯೋ, ಇಲ್ಲವೇ ಯಾರದೋ ಮನೆಯ ಕೆಟ್ಟ ಟೇಪ್ ರೆಕಾರ್ಡರ್. ಷರಟಿನ ಜೇಬಿನಲ್ಲಿ ಪೆನ್ನಿನ ಜತೆ ಒಂದು ಟೆಸ್ಟರ್ ಸದಾ ಇರುತ್ತಿತ್ತು. ಬೆಳಿಗ್ಗೆ ದೇವರಿಗೆ ದೀಪ ಹಚ್ಚುವುದು, ಡಿಕಾಕ್ಷನ್ ಇಳಿಯುವವರೆಗೂ ಕಾದು ಗಟ್ಟಿ ಕಾಫಿ ಕುಡಿಯುವುದು, ಯಾವುದಾದರೊಂದು ಯಂತ್ರ ಬಿಚ್ಚುವುದು, ಇಷ್ಟಿದ್ದರೆ ಆತ ತೃಪ್ತ.

“ಬ್ಯಾಂಕಿನವರು ಅಂತ ನಮ್ಮಪ್ಪ ಹೆಣ್ಣು ಕೊಟ್ರು. ಬಿಚ್ಚೋರು ಅಂತ ಯಾರೂ ಹೇಳ್ಲಿಲ್ಲ” ಎಂದು ಹೆಂಡತಿ ಸುಲೋಚನಾ ಅಣಕಿಸುವಳು.

“ಕೂಡಿಸ್ತೀನಲ್ಲೇ?”

“ಕೂಡಿಸಿದ ಮೇಲೆ ಒಂದೆರಡು ಸ್ಕ್ರೂ ಉಳಿದಿರುತ್ತಲ್ಲ, ಅದನ್ನ ಕೇಳ್ತಿರೋದು ನಾನು.”

ಎರಡು ಸಾವಿರದ ಎಂಟರ ಬೇಸಿಗೆಯಲ್ಲಿ ಆತನನ್ನು ವಿಜಯವಾಡದ ಶಾಖೆಗೆ ಹಾಕಿದರು. ಮಗಳು ಇಂಚರಾ ಹತ್ತನೆಯ ತರಗತಿ, ಹಾಗಾಗಿ ಸಂಸಾರ ವಿಶಾಖಪಟ್ಟಣದಲ್ಲೇ ಉಳಿಯಿತು. ಗೋಪಾಲಕೃಷ್ಣ ಒಬ್ಬನೇ ಸತ್ಯನಾರಾಯಣಪುರದಲ್ಲಿ ಕೋಣೆ ಹಿಡಿದ. ವಾಪಸು ಕಳಿಸಿ ಎಂದು ಅರ್ಜಿ ಹಾಕಿದ್ದ. ಶಾಖೆಯ ಮ್ಯಾನೇಜರ್ ರಾಮಮೋಹನ್ ಒಂದು ಒಳ್ಳೆಯ ಮಾತು ಬರೆದರೆ ದಸರೆಯ ಹೊತ್ತಿಗೆ ಆಗುತ್ತದೆ, ಆದರೆ ಅಲ್ಲಿಯವರೆಗೆ ಹೆಸರಿಗೆ ಒಂದು ಚುಕ್ಕೆಯೂ ಬೀಳಬಾರದು ಎಂದು ಮೇಲಿನವರು ತಿಳಿಸಿದ್ದರು. ಎಲ್ಲರ ಆಸೆಯೂ ಆ ದಸರೆಯ ಮೇಲೆ ನಿಂತಿತ್ತು.

ಅಲ್ಲಿಯವರೆಗೆ ಆತ ಕಂಡುಕೊಂಡ ದಾರಿ ಕಂಪ್ಯೂಟರು. ಮನೆಯ ಕಂಪ್ಯೂಟರಿನ ನೆತ್ತಿಗೆ ಬಟಾಣಿಯಷ್ಟು ಕಣ್ಣಿನ ಒಂದು ವೆಬ್‌ಕ್ಯಾಮ್ ಸಿಕ್ಕಿಸಿ, ತಾನೊಂದು ಹಳೆಯ ಲ್ಯಾಪ್‌ಟಾಪ್ ಕೊಂಡು, ಸಂಜೆಯ ಮಂಗಳಾರತಿಯನ್ನು ವಿಜಯವಾಡದಲ್ಲೇ ಕೂತು ಕಣ್ಣಿಗೆ ಒತ್ತಿಕೊಳ್ಳುವ ಏರ್ಪಾಡು ಮಾಡಿದ. ಹೆಂಡತಿ ಬಂದು ಕೂರುವಳು, ಮಗಳು ಲೆಕ್ಕ ಕೇಳುವಳು. ಗಿರಿಜಮ್ಮ ಮಾತ್ರ ಒಂದೇ ದಿನ ಕೂತು ಎದ್ದುಬಿಟ್ಟಿದ್ದರು.

“ಒಂದೂರಲ್ಲಿ ಒಬ್ಬ ರಾಜ ಇದ್ದ ಅಂದೆ. ಹೂಂ ಇಲ್ಲ. ರಾಣಿ ಇದ್ದಳು ಅಂತೀನಿ, ಆಗ ಬರುತ್ತೆ ರಾಜನ ಹೂಂ. ರಾಜನಿಗೆ ಅಂದಿದ್ದು ರಾಣಿಗೆ ಅಂಟಿಕೊಂಡ್ರೆ ಕಥೆ ನಡೆಯೋದು ಹೆಂಗಮ್ಮ?”

“ಅಜ್ಜೀ, ಅದು ನೆಟ್ ಸ್ಲೋ ಅಂತೆ. ಅಪ್ಪ ಕರೆಕ್ಟಾಗೇ ಹೇಳ್ತಾರೆ, ಇಲ್ಲಿಗೆ ಲೇಟಾಗಿ ಬರುತ್ತೆ.”

“ಬರೋವಾಗ ಬರಲಿ. ಅವನೇ ಬರಲಿ, ಹೇಳ್ತೀನಿ” ಎಂದು ಗಿರಿಜಮ್ಮ ಜಪಮಣಿ ಹಿಡಿದು ಒಳಗೆ ಹೋದರು. ಅಂದಿನಿಂದ ಆ ಮನೆಯಲ್ಲಿ ಕಥೆ ಇಲ್ಲ.

ಆ ವರ್ಷ ಗಣೇಶನ ಹಬ್ಬ ವಾರದ ನಡುವೆ ಬಂತು. ಒಂದೇ ದಿನದ ರಜೆಗೆ ಹೋಗಿಬರುವುದು ಆಗದ ಮಾತು. ಗೋಪಾಲಕೃಷ್ಣ ಕೋಣೆಯಲ್ಲೇ ಅಂಗೈಯಗಲದ ಮಣ್ಣಿನ ಗಣಪನನ್ನು ಕೂರಿಸಿ, ಗರಿಕೆ ಏರಿಸಿ, ಹೋಟೆಲಿನ ಊಟ ಮಾಡಿದ. ಸಂಜೆ ಚೌತಿಯ ಚಂದ್ರ ಕಾಣಬಾರದೆಂದು ಕತ್ತಲಾಗುವ ಮೊದಲೇ ಕಿಟಕಿ ಮುಚ್ಚಿ ಪರದೆಯನ್ನೂ ಎಳೆದು ಲ್ಯಾಪ್‌ಟಾಪ್ ತೆರೆದ. ಅಲ್ಲಿ ಮಧುರವಾಡದಲ್ಲೂ ಗಿರಿಜಮ್ಮ ಬಾಲ್ಕನಿಯ ಬಾಗಿಲಿಗೆ ಅಗುಳಿ ಹಾಕಿಸಿದ್ದರು.

“ಅಪ್ಪಾ, ನಮ್ಮ ಬೀದಿ ಗಣಪತಿ ಪೆಂಡಾಲ್ ನೋಡ್ತೀಯಾ? ಎಷ್ಟು ಲೈಟ್ಸ್ ಗೊತ್ತಾ!” ಎಂದು ಇಂಚರಾ ವೆಬ್‌ಕ್ಯಾಮನ್ನು ಕಿತ್ತು, ವೈರು ಎಳೆದಷ್ಟೂ ಎಳೆದು, ಅಗುಳಿ ತೆಗೆದು ಬಾಗಿಲ ಸಂದಿಯಿಂದ ಹೊರಕ್ಕೆ ಹಿಡಿದಳು. ವಿಜಯವಾಡದ ಪರದೆಯ ಮೇಲೆ ಕತ್ತಲು ಅಲ್ಲಾಡಿತು. ಬಣ್ಣದ ದೀಪಗಳು ಜಾರಿದವು. ಆಮೇಲೆ ಗುಡ್ಡದ ಮೇಲುಗಡೆ ಒಂದು ಬಿಳಿಯ ತುಣುಕು ಬಂದು ನಿಂತಿತು.

“ಅದೇನಮ್ಮ ಬೆಳ್ಳಗೆ? ಬೀದಿ ದೀಪವಾ?”

ಹುಡುಗಿ ಕತ್ತೆತ್ತಿ ನೋಡಿ “ಅಯ್ಯೋ!” ಎಂದಳು.

ಇಂಚರಾ ವೆಬ್‌ಕ್ಯಾಮನ್ನು ಒಳಕ್ಕೆಳೆದುಕೊಂಡು ಬಾಗಿಲು ಮುಚ್ಚಿದಳು. ಆಮೇಲೆ ಸುಲೋಚನಾ ನಗಲು ನೋಡಿದಳು. “ಅವರು ನೋಡಿದ್ದು ಫೋಟೋ ಥರ ಅಲ್ವಾ ಅತ್ತೆ? ಅದು ಲೆಕ್ಕಕ್ಕಿಲ್ಲ ಬಿಡಿ.”

“ಕೃಷ್ಣ ಏನು ಆಕಾಶ ನೋಡಿದ್ನೇನೇ?” ಗಿರಿಜಮ್ಮ ಮೆಲ್ಲಗೆ ಎದ್ದರು. “ಹಾಲಿನ ಬಟ್ಟಲಲ್ಲಿ ನೆರಳು ಕಂಡ. ಅಷ್ಟಕ್ಕೇ ಮಣಿ ಕದ್ದ ಅನ್ನೋ ಅಪವಾದ ಬಂತು. ದೇವರಿಗೇ ಬಟ್ಟಲು ಬಿಡಲಿಲ್ಲ, ನನ್ನ ಮಗನಿಗೆ ಈ ಗಾಜಿನ ಪೆಟ್ಟಿಗೆ ಬಿಡುತ್ತಾ? ಸರಿ, ಕುರ್ಚಿ ಹಾಕು.”

ಚೌತಿಯ ಚಂದ್ರನನ್ನು ಕಂಡವರು ಶಮಂತಕ ಮಣಿಯ ಕಥೆ ಕೇಳಿದರೆ ಸುಳ್ಳು ಅಪವಾದ ತಟ್ಟುವುದಿಲ್ಲ. ಕೊನೆಯವರೆಗೂ ಕೇಳಬೇಕು, ಅಷ್ಟೆ. ಮೂರು ತಿಂಗಳಿಂದ ಪೆಟ್ಟಿಗೆಯ ಮುಂದೆ ಕೂರದ ಗಿರಿಜಮ್ಮ ಸೆರಗು ಹೊದ್ದು ಕೂತು, ಸತ್ರಾಜಿತನಿಗೆ ಸೂರ್ಯ ಮಣಿ ಕೊಟ್ಟದ್ದು ಹೇಳಿದರು. ಕಾದರು. ಹೂಂ ಬಂತು. ತಮ್ಮ ಪ್ರಸೇನ ಅದನ್ನು ಕೊರಳಿಗೆ ಹಾಕಿ ಬೇಟೆಗೆ ಹೋದ. ಕಾದರು. ಹೂಂ. ಸಿಂಹ ಅವನನ್ನು ಕೊಂದಿತು, ಜಾಂಬವಂತ ಸಿಂಹವನ್ನು ಕೊಂದು ಮಣಿಯನ್ನು ಮಗುವಿನ ತೊಟ್ಟಿಲಿಗೆ ಕಟ್ಟಿದ. ಊರೆಲ್ಲ ಕೃಷ್ಣನೇ ಕದ್ದ ಅಂದಿತು. ಕೃಷ್ಣ ಹುಡುಕಿಕೊಂಡು ಗವಿಯ ಒಳಗೆ ಹೋದ.

ಹೂಂ ಬರಲಿಲ್ಲ. ಪರದೆಯಲ್ಲಿ ಮಗನ ಮುಖ ಅರ್ಧ ಬಾಯಿ ತೆರೆದುಕೊಂಡೇ ನಿಂತುಬಿಟ್ಟಿತ್ತು. ಆ ಕಡೆ ಸಿಗ್ನಲ್ಲು ಹೋಗಿ, ಇಂಚರಾ ಏನೇನು ಒತ್ತಿದರೂ ಮತ್ತೆ ಹತ್ತಲಿಲ್ಲ. ಹಬ್ಬದ ದಿನ ಎಲ್ಲರೂ ಎಲ್ಲರಿಗೂ ಮಾತಾಡುತ್ತಿದ್ದರೇನೋ, ಮೊಬೈಲಿಗೂ ಲೈನ್ ಸಿಗಲಿಲ್ಲ.

“ಕೃಷ್ಣ ಗವಿಯಲ್ಲೇ ಉಳಿದ” ಎಂದರು ಗಿರಿಜಮ್ಮ. ಅಂದು ಅವರು ಮುಟ್ಟಿದ್ದು ಒಂದೇ ಕಡುಬು.

ಮರುದಿನ ಬೆಳಿಗ್ಗೆ ಗೋಪಾಲಕೃಷ್ಣ ಶಾಖೆಗೆ ಕಾಲಿಟ್ಟಾಗ ಕೌಂಟರುಗಳ ಮುಂದೆ ಜನ ತುಂಬಿದ್ದರು, ಒಳಗೆ ಒಬ್ಬರಿಗೂ ಕೆಲಸವಿರಲಿಲ್ಲ. ಶಾಖೆಯ ಎಲ್ಲ ಕಂಪ್ಯೂಟರುಗಳಿಗೂ ತಾಯಿಯಂತಿದ್ದ ಸರ್ವರ್ ಸತ್ತುಬಿದ್ದಿತ್ತು. ಅದಿದ್ದದ್ದು ಗಾಜಿನ ಬಾಗಿಲಿನ ಒಂದು ತಣ್ಣನೆಯ ಕೋಣೆಯಲ್ಲಿ. ಕೋಣೆ ತಣ್ಣಗಿದೆ, ಹೂವು ಪತ್ರೆ ಬಾಡುವುದಿಲ್ಲವೆಂದು ರಾಮಮೋಹನ್ ದಂಪತಿ ಹಬ್ಬದ ಬೆಳಿಗ್ಗೆ ಅಲ್ಲೇ ಯಂತ್ರದ ಮುಂದೆ ಗಣಪನನ್ನು ಕೂರಿಸಿ, ಮೇಲೆ ಆ ಕಡೆಯವರ ಪದ್ಧತಿಯಂತೆ ಹಣ್ಣು ತೂಗಿದ ಮರದ ಚೌಕಟ್ಟು, ಪಾಲವೆಲ್ಲಿ ಕಟ್ಟಿ, ಅದರ ಸುತ್ತ ಮಿಣಿಮಿಣಿ ದೀಪದ ಸರ ಬಿಟ್ಟಿದ್ದರು.

ರಾಮಮೋಹನ್ ತೆಲುಗಿನಲ್ಲಿ, ಮರ್ಯಾದೆ ಬಿಡದೆಯೇ ಕೇಳಿದರು. “ಗೋಪಾಲಕೃಷ್ಣ ಗಾರು, ಮೊನ್ನೆ ಸಂಜೆ ಎಲ್ಲರೂ ಹೋದಮೇಲೆ ತಾವೊಬ್ಬರೇ ಒಳಗಿದ್ದಿರಂತೆ. ಏನು ಮಾಡ್ತಿದ್ದಿರಿ ಅಂಡಿ?”

“ಧೂಳು ತೆಗೀತಿದ್ದೆ ಸಾರ್. ಬಣ್ಣ ಹೊಡೆಯೋ ಸಣ್ಣ ಬ್ರಷ್ಷಿನಿಂದ.”

“ಬಿಚ್ಚಿದ್ರಾ?”

“...ಪಕ್ಕದ ಮುಚ್ಚಳ ಮಾತ್ರ.”

ಸುತ್ತ ನಿಂತವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕ್ಯಾಷಿಯರ್ ಸತ್ಯಮೂರ್ತಿ “ಟೆಸ್ಟರ್ ಜೇಬಲ್ಲಿಟ್ಟುಕೊಂಡು ಓಡಾಡುವಾಗಲೇ ಅಂದುಕೊಂಡೆ” ಎಂದ.

“ಒಂದು ಸಲ ಒಳಗೆ ಹೋಗಿ ನೋಡ್ತೀನಿ ಸಾರ್.”

“ಬೇಡ. ಇನ್ನು ತಾವು ಮುಟ್ಟಬೇಡಿ. ದೇವರನ್ನು ಕದಲಿಸೋದು ನಾಳೆ, ಹೈದರಾಬಾದಿನಿಂದ ಇಂಜಿನಿಯರ್ ಬರೋದೂ ನಾಳೆ. ಅಷ್ಟರಲ್ಲಿ ತಮ್ಮ ವಿವರಣೆ ಬರೆದುಕೊಡಿ, ಮೇಲಕ್ಕೆ ಕಳಿಸಬೇಕು.” ರಾಮಮೋಹನ್ ಬಾಗಿಲಿಗೆ ಬೀಗ ಹಾಕಿ ಕೀಲಿಯನ್ನು ಜೇಬಿಗಿಟ್ಟುಕೊಂಡರು. ಸ್ವಲ್ಪ ದನಿ ತಗ್ಗಿಸಿ, “ತಮ್ಮ ವರ್ಗಾವಣೆ ಕಾಗದ ನನ್ನ ಮೇಜಿನ ಮೇಲೇ ಇದೆ. ಈಗ ಏನು ಬರೀಲಿ, ತಾವೇ ಹೇಳಿ?” ಎಂದರು.

ಗೋಪಾಲಕೃಷ್ಣ ಕುರ್ಚಿಯಲ್ಲಿ ಕೂತು ಬಿಳಿ ಹಾಳೆ ನೋಡಿದ. ವಿಚಿತ್ರವೆಂದರೆ ತಾನೇ ಮಾಡಿದೆನೇನೋ ಅನ್ನಿಸತೊಡಗಿತು. ಬ್ರಷ್ಷಿನ ಒಂದು ಕೂದಲು ಒಳಗೆ ಬಿದ್ದಿರಬಹುದೇ? ಸ್ಕ್ರೂ ಎಲ್ಲ ಹಾಕಿದೆನೇ? ಸುಲೋಚನಾ ಅನ್ನುವ ಮಾತು ಕಿವಿಯಲ್ಲೇ ಕೂತಿತ್ತು. ದಸರೆ ದೂರ ಸರಿಯಿತು. ಮಗಳ ಪರೀಕ್ಷೆ, ಅಮ್ಮನ ಮಂಚದ ಪಕ್ಕದ ಜಾಗ, ಎಲ್ಲವೂ ಆ ಬಿಳಿ ಹಾಳೆಯ ಆಚೆ ಹೋದವು. ಆಗ ನೆನಪಾಯಿತು, ಕೃಷ್ಣ ಇನ್ನೂ ಗವಿಯಲ್ಲಿದ್ದಾನೆ.

ಮಧ್ಯಾಹ್ನ ಊಟದ ಹೊತ್ತಿಗೆ ಮೊಬೈಲಿಗೆ ಲೈನ್ ಸಿಕ್ಕಿತು. ಗಾಜಿನ ಬಾಗಿಲಿನ ಪಕ್ಕದಲ್ಲಿ, ಒಳಗಿನ ಗಣಪನ ಕಡೆ ಮುಖ ಮಾಡಿ ನಿಂತ.

“ಅಮ್ಮ, ಉಳಿದದ್ದು ಹೇಳಮ್ಮ.”

ಆ ದನಿಯಲ್ಲೇ ಆಕೆಗೆ ತಿಳಿಯಿತು. “ಬಂತಾ ಅಪವಾದ?”

“ಬಂತು.”

ಗಿರಿಜಮ್ಮ ಏನು ಎತ್ತ ಎಂದು ಕೇಳಲಿಲ್ಲ. “ಕೃಷ್ಣ ಗವಿಯೊಳಗೆ ಹೋದನಪ್ಪ.”

“ಹೂಂ.”

ತಕ್ಷಣ ಬಂದ ಹೂಂ ಕೇಳಿ ಆಕೆಯ ದನಿ ಏರಿತು. “ಒಳಗೆ ಮಗು ಆಡ್ತಾ ಇತ್ತು, ತೊಟ್ಟಿಲ ಮೇಲೆ ಮಣಿ ತೂಗ್ತಿತ್ತು.”

“ಹೂಂ.”

“ಜಾಂಬವಂತ ಬಂದು ಹಿಡಿದುಕೊಂಡ. ದಿನಗಟ್ಟಲೆ ಗುದ್ದಾಡಿದರು. ಹೊರಗೆ ಕಾದವರೆಲ್ಲ ಸತ್ತೇ ಹೋದ ಅಂತ ಊರಿಗೆ ಹೊರಟುಹೋದರು.”

“ಹೂಂ.”

“ಆಗ ಜಾಂಬವಂತನಿಗೆ ಗೊತ್ತಾಯ್ತು, ಇವನು ತನ್ನ ರಾಮನೇ ಅಂತ.”

ಸರಿಯಾಗಿ ಆಗಲೇ ಕರೆಂಟು ಹೋಯಿತು. ಫ್ಯಾನುಗಳು ನಿಧಾನವಾದವು, ಟ್ಯೂಬ್‌ಲೈಟುಗಳು ಆರಿದವು, ಜನ ಗೊಣಗಿದರು. ಜನರೇಟರಿಗೆ ಇನ್ನೂ ಯಾರೂ ಹೋಗಿರಲಿಲ್ಲ. ಗಾಜಿನಾಚೆ ಎ.ಸಿ.ಯೂ ನಿಂತು ಕೋಣೆ ಕತ್ತಲಾಯಿತು. ಆ ಕತ್ತಲಲ್ಲಿ ಪಾಲವೆಲ್ಲಿಯ ದೀಪದ ಸರ ಮಾತ್ರ ಕೆಂಪು, ಹಸಿರು, ಕೆಂಪು ಎಂದು ಏನೂ ಆಗಿಲ್ಲವೆಂಬ ಹಾಗೆ ಮಿಣುಕುತ್ತಿತ್ತು.

ಗೋಪಾಲಕೃಷ್ಣ ಬಾಯಿ ತೆರೆದುಕೊಂಡು ನಿಂತ. ಕರೆಂಟು ಹೋದಮೇಲೂ ಉರಿಯಬೇಕಾದರೆ ಅದು ಬ್ಯಾಟರಿಯ ಕರೆಂಟು. ಆ ಕೋಣೆಯಲ್ಲಿ ಬ್ಯಾಟರಿಯ ಸಾಕೆಟ್ ಇರುವುದು ಒಂದೇ ಒಂದು, ಗೋಡೆಯ ಬುಡದಲ್ಲಿ. ಅದರಲ್ಲಿ ಇರಬೇಕಾದ್ದು ಸರ್ವರಿನ ಪ್ಲಗ್ಗು.

“ಗೋಪಾಲಾ? ಹೂಂ ಅನ್ನೋ. ಇದ್ದೀಯೇನೋ?”

ಓಡಿಹೋಗಿ ಮ್ಯಾನೇಜರನ್ನು ಎಳೆದುತರಬೇಕೆಂದು ಕಾಲು ತುಡಿಯಿತು. ಆದರೆ ಕಥೆಯಲ್ಲಿ ಮಣಿ ಇನ್ನೂ ಊರು ಸೇರಿರಲಿಲ್ಲ. ಆತ ಗಾಜಿಗೆ ಹಣೆ ಆನಿಸಿ ಕಣ್ಣು ಮುಚ್ಚಿದ.

“ಹೂಂ ಅಮ್ಮ. ಇದ್ದೀನಿ. ಹೇಳು.”

ಕೃಷ್ಣ ಮಣಿಯ ಜತೆ ಜಾಂಬವತಿಯನ್ನೂ ಕರೆದುಕೊಂಡು ಬಂದ, ತುಂಬಿದ ಸಭೆಯಲ್ಲಿ ಮಣಿಯನ್ನು ಸತ್ರಾಜಿತನ ಕೈಗಿಟ್ಟ, ಸತ್ರಾಜಿತ ತಲೆ ತಗ್ಗಿಸಿದ. ಪ್ರತಿಯೊಂದಕ್ಕೂ ಗೋಪಾಲಕೃಷ್ಣ ಹೂಂ ಅಂದ. “ಕೇಳಿದವರಿಗೂ ಹೇಳಿದವರಿಗೂ ಗಣಪ ಒಳ್ಳೇದು ಮಾಡಲಿ” ಎಂದು ಗಿರಿಜಮ್ಮ ಮುಗಿಸಿದ ಮೇಲೆಯೇ ಆತ ಮೊಬೈಲ್ ಜೇಬಿಗಿಟ್ಟು ರಾಮಮೋಹನ್ ಕೋಣೆಗೆ ಹೋದದ್ದು.

“ಸಾರ್, ಒಂದೇ ಒಂದು ಕೇಳ್ತೀನಿ. ಗಣಪನ ದೀಪದ ಸರದ ವೈರು ಎಲ್ಲಿ ಚುಚ್ಚಿದ್ದೀರಿ?”

“ಕೆಳಗೊಂದು ಸಾಕೆಟ್ ಇತ್ತಲ್ಲ ಅಂಡಿ. ಅದರಲ್ಲೇನೋ ಕರೀ ಪ್ಲಗ್ಗಿತ್ತು, ಫ್ಯಾನಿನದಿರಬೇಕು ಅಂತ ತೆಗೆದೆ...”

ಹೇಳುತ್ತ ಹೇಳುತ್ತ ರಾಮಮೋಹನ್ ದನಿ ಸಣ್ಣದಾಯಿತು. ಬಾಯಿ ತೆರೆದೇ ಇತ್ತು. ಕೀಲಿಗಾಗಿ ಜೇಬು ತಡಕಿಕೊಂಡರು.

ಗಣಪನನ್ನು ಕದಲಿಸಲಿಲ್ಲ. ಗೋಪಾಲಕೃಷ್ಣ ಕೈಮುಗಿದು, ಪೀಠದ ಪಕ್ಕದಿಂದ ಹೊಟ್ಟೆಯ ಮೇಲೆ ತೆವಳಿ, ಪತ್ರೆಯ ರಾಶಿಯ ಹಿಂದೆ ಅನಾಥವಾಗಿ ಬಿದ್ದಿದ್ದ ಕರೀ ಪ್ಲಗ್ಗನ್ನು ಹಿಡಿದು ಅದರ ಜಾಗದಲ್ಲಿ ಕೂರಿಸಿದ. ದೀಪದ ಸರ ಆರಿತು. ಗುಂಡಿ ಒತ್ತಿದಾಗ ಯಂತ್ರ ಕೆಮ್ಮಿದ ಹಾಗೆ ಮಾಡಿ, ಗುಂಯ್ ಎಂದು ಎದ್ದಿತು. ಹೊರಗಿನ ಸಾಲಿನಲ್ಲಿ ಯಾರೋ “ಜೈ ಬೋಲೋ ಗಣೇಶ್ ಮಹರಾಜ್ ಕೀ!” ಎಂದು ಕೂಗಿದರು. ಬ್ಯಾಂಕೆಲ್ಲ ಜೈ ಅಂದಿತು.

ರಾಮಮೋಹನ್ ಒಳ್ಳೆಯ ಮನುಷ್ಯರು. ಎಲ್ಲರೂ ನೋಡುತ್ತಿರುವಂತೆಯೇ ಗಣಪನ ಎದುರು ಕಿವಿ ಹಿಡಿದು ಬಸ್ಕಿ ಹೊಡೆದರು. “ಸ್ವಾಮೀ, ತಪ್ಪಾಯ್ತು. ಇವರ ವಿವರಣೆ ನಾನೇ ಬರ್ಕೋತೀನಿ.” ಸತ್ಯಮೂರ್ತಿ ಮೆತ್ತಗೆ ಬಂದು ತನ್ನ ಮನೆಯ ಮಿಕ್ಸಿ ಒಂದು ವಾರದಿಂದ ಕೆಟ್ಟಿದೆ, ಬಿಡುವಾದಾಗ ನೋಡುತ್ತೀರಾ ಎಂದು ಕೇಳಿದ.

ಶನಿವಾರ ಅರ್ಧ ದಿನದ ಕೆಲಸ ಮುಗಿಸಿ ಗೋಪಾಲಕೃಷ್ಣ ರೈಲು ಹತ್ತಿದ. ಅನಕಾಪಲ್ಲಿಯಲ್ಲಿ ಇಳಿಯುವವನೊಬ್ಬನ ಕಾಲಬುಡದ ಬೆಲ್ಲದ ಬುಟ್ಟಿಯ ವಾಸನೆ ಬೋಗಿಯ ತುಂಬ ಇತ್ತು. ಮನೆಯಲ್ಲಿ ಅವನ ಪಾಲಿನ ಕಡುಬನ್ನು ಮತ್ತೆ ಹಬೆಯಲ್ಲಿಟ್ಟು ಕಾದಿದ್ದರು. ನಡೆದದ್ದನ್ನೆಲ್ಲ ಕೇಳಿ ಇಂಚರಾ ಹೊಟ್ಟೆ ಹಿಡಿದುಕೊಂಡು ನಕ್ಕಳು.

“ನೋಡು, ಸ್ಕ್ರೂ ಉಳಿದಿರಲಿಲ್ಲ” ಎಂದ ಹೆಂಡತಿಗೆ.

“ಈ ಸಲ” ಎಂದಳು ಸುಲೋಚನಾ.

ಗಿರಿಜಮ್ಮ ಕಂಪ್ಯೂಟರಿನ ಕಡೆ ತಿರುಗಿದರು. “ಅಲ್ಲ ಕಣೋ, ಪೆಟ್ಟಿಗೆಯಲ್ಲಿ ಕಂಡ ಚಂದ್ರನಿಗೆ ಫಲ ಇದೆ ಅಂತಾಯ್ತಲ್ಲ. ಹಂಗಾದ್ರೆ ಪೆಟ್ಟಿಗೆಯಲ್ಲಿ ಬಂದ ಹೂಂಗೂ ಇರಬೇಕು. ಅಲ್ಲಿಂದ ಇಲ್ಲಿಗೆ ಬರೋಕೆ ರೈಲಿಗೇ ಅಷ್ಟು ಹೊತ್ತು ಬೇಕು. ಪಾಪ, ಹೂಂಗೆ ಒಂದು ಗಳಿಗೆ ಕೊಡಬಾರದಾ?”

ಮುಂದಿನ ವಾರದಿಂದ ಅವರು ಪೆಟ್ಟಿಗೆಯ ಮುಂದೆ ಕೂತರು. ಒಂದು ಮಾತು ಹೇಳುವುದು, ಜಪಮಣಿ ಒಂದು ಸರಿಸಿ ಕಾಯುವುದು, ಹೂಂ ಬಂದು ಸೇರಿದ ಮೇಲೆ ಮುಂದಿನ ಮಾತು. ಕಥೆಗಳು ಎರಡರಷ್ಟು ಉದ್ದವಾದವು. ಯಾರಿಗೂ ಬೇಜಾರಾಗಲಿಲ್ಲ.

ದಸರೆಗೆ ವರ್ಗಾವಣೆಯ ಆದೇಶ ಬಂತು. ಗೋಪಾಲಕೃಷ್ಣ ಹಾಸಿಗೆ ಸುತ್ತಿಕೊಂಡು ಬಂದ ದಿನ ಊಟವಾದ ಮೇಲೆ, ಮಡಿಲಲ್ಲಿ ಸತ್ಯಮೂರ್ತಿಯ ಮಿಕ್ಸಿಯ ಮೋಟರು ಇಟ್ಟುಕೊಂಡು ಅಮ್ಮನ ಮಂಚದ ಪಕ್ಕ ಕೂತ.

“ಒಂದೂರಲ್ಲಿ ಒಬ್ಬ ರಾಜ ಇದ್ದ” ಎಂದರು ಗಿರಿಜಮ್ಮ. ರೂಢಿಯಂತೆ ಬೆರಳು ಜಪಮಣಿಗೆ ಹೋಯಿತು.

“ಹೂಂ” ಅಂದ ಮಗ.

ಮಣಿ ಸರಿಸುವ ಮೊದಲೇ ಬಂದುಬಿಟ್ಟಿತ್ತು. ಗಿರಿಜಮ್ಮ ಮಗನ ಮುಖವನ್ನು ಒಂದು ಸಲ ನೋಡಿ, ಜಪಮಾಲೆಯನ್ನು ದಿಂಬಿನಡಿ ಇಟ್ಟರು.

“ರಾಣಿಯೂ ಇದ್ದಳಪ್ಪ” ಎಂದರು.